ಸೇಫ್‌ಗಾರ್ಡ್ಸ್‌ಗೆ ‘ಸುರಕ್ಷತೆ’ ಎಂದರೆ ಸರಿಯಾದೀತೇ?

ಬಲ್ಲವರಿಗೆ ನಮಸ್ಕಾರ.

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವ, ಹೈಯರ್ ಸೆಕೆಂಡರಿ ಮಕ್ಕಳಿಗೆ ಕನ್ನಡದಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಅಣ್ವಸ್ತ್ರ ಹರಡದಂತೆ ತಡೆಯುವ ಒಪ್ಪಂದಗಳ ಬಗ್ಗೆ ನೋಟ್ಸ್ ಬರೆಯುವಾಗ ಒಂದು ಪದದಲ್ಲಿ ಸಿಕ್ಕಿಬಿದ್ದಿದ್ದೇನೆ.

ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಆಡಳಿತ ಮಂಡಳಿ 2008ರ ಆಗಸ್ಟ್ 1ರಂದು ಭಾರತದ ಜೊತೆಗಿನ ಒಂದು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತಲ್ಲ, ಇಂಗ್ಲಿಷಿನಲ್ಲಿ ಅದು ಸೇಫ್‌ಗಾರ್ಡ್ಸ್ ಅಗ್ರಿಮೆಂಟ್. ನಾನು ಹೆಚ್ಚು ಯೋಚಿಸದೆ ‘ಸುರಕ್ಷತಾ ಒಪ್ಪಂದ’ ಎಂದು ಬರೆದೆ. ಅದರ ಕೆಳಗೇ, ಆಗ ನಡೆಯುತ್ತಿದ್ದ ಮತ್ತು ಕಟ್ಟುತ್ತಿದ್ದ 22 ರಿಯಾಕ್ಟರುಗಳಲ್ಲಿ 14ನ್ನು ಭಾರತ ಇದರ ವ್ಯಾಪ್ತಿಗೆ ಕೊಡಲು ಒಪ್ಪಿತು, ಕಾರವಾರದ ಹತ್ತಿರದ ಕೈಗಾದ ನಾಲ್ಕೂ ಘಟಕಗಳು ಹೊರಗೇ ಉಳಿದವು ಎಂದೂ ಸೇರಿಸಿದೆ. ಮರುದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಸರ್, ಹಾಗಾದ್ರೆ ಕೈಗಾದಲ್ಲಿ ಸುರಕ್ಷತೆ ಇಲ್ವಾ? ಅಕ್ಕನನ್ನು ಕೊಟ್ಟದ್ದು ಕಾರವಾರಕ್ಕೆ.”

ತಪ್ಪು ಅವಳದಲ್ಲ, ನನ್ನ ಪದದ್ದು. ವಿಕಿರಣ ಸೋರದಂತೆ ನೋಡಿಕೊಳ್ಳುವುದು ಸೇಫ್ಟಿ. ಕೈಗಾದಲ್ಲಿ ಅದನ್ನು ನೋಡಿಕೊಳ್ಳಲು ನಮ್ಮದೇ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಉಂಟು. ಕಳ್ಳರು, ಭಯೋತ್ಪಾದಕರು ಒಳನುಗ್ಗದಂತೆ ಕಾಯುವುದು ಸೆಕ್ಯುರಿಟಿ. ಅದಕ್ಕೆ ‘ಭದ್ರತೆ’ ಸಾಕು. ಸೇಫ್‌ಗಾರ್ಡ್ಸ್ ಇವೆರಡೂ ಅಲ್ಲ. ವಿದ್ಯುತ್ತಿಗೆಂದು ತಂದ ಯುರೇನಿಯಂ, ಉರಿದ ಇಂಧನದಲ್ಲಿ ಹುಟ್ಟಿದ ಪ್ಲುಟೋನಿಯಂ ಸದ್ದಿಲ್ಲದೆ ಬಾಂಬಿನ ಕಡೆಗೆ ಹೋಗಿಲ್ಲ ಎಂದು ಹೊರಗಿನವರು ಬಂದು ಖಚಿತಮಾಡಿಕೊಳ್ಳುವ ಏರ್ಪಾಡು ಅದು.

ಮಕ್ಕಳಿಗೆ ಕೊನೆಗೆ ಅಡಿಕೆ ಗೋಡೌನಿನ ಲೆಕ್ಕದಲ್ಲಿ ಹೇಳಿದೆ. ಆಡಿಟಿಗೆ ಬಂದವರು ಗೋಣಿ ಎಣಿಸುತ್ತಾರೆ, ಒಂದೆರಡನ್ನು ಬಿಚ್ಚಿಸಿ ಒಳಗಿರುವುದು ಅಡಿಕೆಯೇ ಹೌದಾ ಎಂದು ನೋಡುತ್ತಾರೆ, ತೂಗಿಸುತ್ತಾರೆ, ಪುಸ್ತಕದ ಜೊತೆ ತಾಳೆ ನೋಡುತ್ತಾರೆ. ಮಾಡು ಸೋರುತ್ತದಾ ಎಂಬುದು ಅವರ ತಲೆನೋವಲ್ಲ. ವಿಯೆನ್ನಾದಲ್ಲಿರುವ ಆ ಅಣುಶಕ್ತಿ ಸಂಸ್ಥೆಯಿಂದ ಬರುವ ಇನ್‌ಸ್ಪೆಕ್ಟರುಗಳೂ ಹಾಗೆಯೇ: ಲೆಕ್ಕ ತಾಳೆ ನೋಡಿ, ಮುದ್ರೆ ಹಾಕಿ, ಕ್ಯಾಮೆರಾ ಇಟ್ಟು ಹೋಗುತ್ತಾರೆ. ಅವರ ಲೆಕ್ಕದಲ್ಲಿ 8 ಕಿಲೋ ಪ್ಲುಟೋನಿಯಂ ಕಾಣೆಯಾದರೆ ಒಂದು ಬಾಂಬಿಗೆ ದಾರಿಯಾಯಿತು ಎಂದರ್ಥ. 8 ಕಿಲೋ ಅಡಿಕೆ ಒಣಗುವಾಗಲೇ ಕಾಣೆಯಾಗುತ್ತದೆ ಎಂದು ಒಬ್ಬ ನಗೆಯಾಡಿದ, ಅದಿರಲಿ.

ಕಾಸರಗೋಡಿನವರಿಗೆ ಇನ್ನೊಂದು ತೊಡಕು ಉಂಟು. ಸೇಫ್‌ಗಾರ್ಡ್ ನಮಗೆ ಹೊಸ ಪದವಲ್ಲ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ ಹೊತ್ತಿನಲ್ಲೇ ಸಂವಿಧಾನಕ್ಕೆ ಬಂದ 350ಬಿ ವಿಧಿಯಲ್ಲಿ, ಭಾಷಾ ಅಲ್ಪಸಂಖ್ಯಾತರ ಸೇಫ್‌ಗಾರ್ಡುಗಳನ್ನು ವಿಚಾರಿಸಲು ಒಬ್ಬ ವಿಶೇಷ ಅಧಿಕಾರಿ ಇರಬೇಕೆಂದಿದೆ. ಮನವಿಪತ್ರಗಳಲ್ಲಿ ಅದನ್ನು ‘ರಕ್ಷಣೋಪಾಯ’ ಎಂದು ಬರೆದು ಬರೆದು ಕೈಗೆ ರೂಢಿಯಾಗಿದೆ. ಆದರೆ ಅಲ್ಲಿ ಸೇಫ್‌ಗಾರ್ಡ್ ಯಾರಿಗೆ ಕೊಟ್ಟಿದೆಯೋ ಅವರನ್ನು ಕಾಯುತ್ತದೆ. ಅಣುಶಕ್ತಿಯಲ್ಲಿ ಯಾರಿಗೆ ಹಾಕಿದೆಯೋ ಅವರ ಮೇಲೇ ಕಣ್ಣಿಡುತ್ತದೆ. ಎರಡಕ್ಕೂ ‘ರಕ್ಷಣೋಪಾಯ’ ಎಂದರೆ ಇರಾನಿನ ಮೇಲಿನ ತಪಾಸಣೆಯನ್ನು ಇರಾನಿಗೆ ಕೊಟ್ಟ ಸವಲತ್ತು ಎಂದು ಓದಿಕೊಂಡಾರು.

ಹಾಗಾದರೆ ಎಂತದು ಹೇಳುವುದು? ‘ಕಾವಲು’ ಎಂದರೆ ಗೇಟಿನ ವಾಚ್‌ಮನ್ ನೆನಪಾಗುತ್ತಾನೆ. ‘ಕಾಪು’ ಚಂದದ ಹಳೆಯ ಪದ, ಆದರೆ ನಮ್ಮ ಕರಾವಳಿಯವರಿಗೆ ಮೊದಲು ಕಣ್ಣಿಗೆ ಬರುವುದು ಅಲ್ಲಿನ ದೀಪಸ್ತಂಭ. ‘ನಿಗಾ’ ಹತ್ತಿರ ಬರುತ್ತದೆ, ಆದರೆ ಲೆಕ್ಕ ತಾಳೆ ನೋಡುವ ಅರ್ಥ ಅದರಲ್ಲಿಲ್ಲ. ನನಗೆ ಹೊಳೆದದ್ದು ‘ಖಾತರಿ ತಪಾಸಣೆ’. ಸಹೋದ್ಯೋಗಿಯೊಬ್ಬರು ಕೇಳಿದ ತಕ್ಷಣ “ಇದೆಂತ ಮಾರಾಯ್ರೆ, ತೊಳಿಲುರಪ್ಪಿನ ಹಾಗೆ ಕೇಳ್ತದೆ” ಎಂದರು. ಉದ್ಯೋಗ ಖಾತರಿಗೆ ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಲಯಾಳ ಪದ. ಆದರೂ ನಾನು ಈ ಪದವನ್ನು ಬಿಟ್ಟುಕೊಡಲು ತಯಾರಿಲ್ಲ, ಯಾಕೆಂದರೆ ಇಡೀ ಏರ್ಪಾಡಿನ ಉದ್ದೇಶವೇ ಉಳಿದ ದೇಶಗಳಿಗೆ ಖಾತರಿ ಸಿಗಬೇಕು ಎಂಬುದು. 1970ರ ಮಾರ್ಚ್ 5ರಿಂದ ಜಾರಿಯಲ್ಲಿರುವ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ 3ನೆಯ ವಿಧಿ, ಅಣ್ವಸ್ತ್ರವಿಲ್ಲದ ಸದಸ್ಯ ದೇಶಗಳು ಇದಕ್ಕೆ ಒಳಪಡಲೇಬೇಕೆಂದು ಹೇಳುವುದೂ ಅದಕ್ಕೇ. ಭಾರತ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಹಾಗಾಗಿ ಯಾವ ರಿಯಾಕ್ಟರು ಒಳಗೆ, ಯಾವುದು ಹೊರಗೆ ಎಂದು ಆರಿಸುವ ಮಾತು ಬಂತು.

ಅಂದಹಾಗೆ ‘ಪ್ರಸರಣ’ವೂ ನನಗೆ ಪೂರ್ತಿ ಒಗ್ಗಿದ್ದಲ್ಲ, ಆಕಾಶವಾಣಿ ಕಿವಿಯಲ್ಲಿ ಕೂತುಬಿಟ್ಟಿದೆ. ಮಲಯಾಳದಲ್ಲಿ ‘ನಿರ್ವ್ಯಾಪನ’ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಉಚ್ಚರಿಸಲು ಹೊರಟರೆ ಅರ್ಧ ಪೀರಿಯಡ್ ಅದಕ್ಕೇ ಬೇಕು.

ಈಗ ಕೇಳಬೇಕಾದದ್ದು ಇಷ್ಟು. ‘ಖಾತರಿ ತಪಾಸಣೆ’ ನಿಮಗೆ ಸರಿ ಕಂಡರೆ, ಅದರ ವ್ಯಾಪ್ತಿಗೆ ಬಾರದ ಕೈಗಾದಂಥ ಸ್ಥಾವರವನ್ನು ಹೇಗೆ ಕರೆಯೋಣ? ‘ತಪಾಸಣೆಯಿಲ್ಲದ’ ಎಂದರೆ ಅಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ ಎಂಬ ಧ್ವನಿ ಬರುತ್ತದೆ. ‘ಅಂತಾರಾಷ್ಟ್ರೀಯ ತಪಾಸಣೆಗೆ ಒಳಪಡದ’ ಎಂದರೆ ಅರ್ಥ ಸರಿ, ಆದರೆ ವಾಕ್ಯದಲ್ಲಿ ನಾಲ್ಕು ಸಲ ಬಂದರೆ ಮಕ್ಕಳು ಬರೆಯುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಚಿಕ್ಕದೊಂದು ಪದ ನಿಮ್ಮಲ್ಲಿ ಉಂಟಾ? ಸೋಮವಾರ ನೋಟ್ಸ್ ತಿದ್ದಿ ಕೊಡಬೇಕು. ಆ ಹುಡುಗಿಗಂತೂ, ಅಕ್ಕನಿಗೆ ಏನೂ ಆಗುವುದಿಲ್ಲ ಎಂದು ಬಾಯಿಮಾತಲ್ಲಿ ಹೇಳಿ ಕೂರಿಸಿದ್ದೇನೆ.