ಇ-ಸೈಕಲ್ಲಿನ ಕ್ರೂಸ್ ಕಂಟ್ರೋಲಿಗೆ ‘ವೇಗ ನಿಯಂತ್ರಣ’ ಒಗ್ಗುತ್ತದೆಯೇ?

ಗೆಳೆಯರೇ,

ಇ-ಸೈಕಲ್ಲಿಗೆ ಕ್ರೂಸ್ ಕಂಟ್ರೋಲ್ (ವೇಗದ ಹಿಡಿಯಿಂದ ಕೈ ತೆಗೆದರೂ ಗಾಡಿ ಓಡುತ್ತಲೇ ಇರುವ ಏರ್ಪಾಡು) ಜೋಡಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವೈರು, ಸ್ವಿಚ್ಚು, ಕಂಟ್ರೋಲರ್ (ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕೆಂದು ನೋಡಿಕೊಳ್ಳುವ ಪೆಟ್ಟಿಗೆ), ಥ್ರಾಟಲ್ (ವೇಗ ಏರಿಸುವ ಹಿಡಿ) ಎಲ್ಲ ಹಾಗೇ ಇರಲಿ, ಅವುಗಳಿಂದ ತೊಂದರೆಯಿಲ್ಲ. ತೊಡಕು ಇರುವುದು ತಲೆಬರಹದಲ್ಲೇ. ಇದನ್ನು ಕನ್ನಡಿಸುವಾಗ ಸಾಮಾನ್ಯವಾಗಿ ಕೈಗೆ ಬರುವ ಪದ ‘ವೇಗ ನಿಯಂತ್ರಣ’. ಇಲ್ಲಿ ಅದು ಓದುಗರ ದಾರಿ ತಪ್ಪಿಸುತ್ತದೆ ಅಂತ ನನ್ನ ಅನಿಸಿಕೆ.

ಕನ್ನಡದಲ್ಲಿ ನಿಯಂತ್ರಣ ಅಂದರೆ ಹೆಚ್ಚಾಗಿ ತಡೆಯುವುದು, ಅಂಕೆಯಲ್ಲಿಡುವುದು. ಬೆಲೆ ನಿಯಂತ್ರಣ, ರೋಗ ನಿಯಂತ್ರಣ, ಜನಸಂಖ್ಯೆ ನಿಯಂತ್ರಣ: ಎಲ್ಲದರಲ್ಲೂ ಏರುವುದನ್ನು ತಡೆಯುವ ಮಾತೇ. ‘ಸೈಕಲ್ಲಿಗೆ ವೇಗ ನಿಯಂತ್ರಣ ಹಾಕಿಸಿದೆ’ ಅಂದರೆ ಜಾಸ್ತಿ ವೇಗ ಹೋಗದಂತೆ ಏನೋ ಮಾಡಿಸಿದ್ದಾರೆ ಅಂತಲೇ ಕೇಳಿದವರು ತಿಳಿಯುತ್ತಾರೆ, ಅಲ್ವಾ? ಆ ಕೆಲಸ ಮಾಡುವ ಏರ್ಪಾಡು ಇ-ಸೈಕಲ್ಲಿನಲ್ಲಿ ಬೇರೆಯೇ ಇದೆ. ಗಂಟೆಗೆ 25 ಕಿ.ಮೀ. ಮುಟ್ಟಿದ ಮೇಲೆ ಮೋಟಾರ್ ನೆರವು ನಿಲ್ಲಬೇಕು ಎಂಬ ನಿಯಮ ಹಲವು ದೇಶಗಳಲ್ಲಿದೆ. ಅದಕ್ಕಾಗಿ ಕಂಟ್ರೋಲರಿನೊಳಗೆ ಮಿತಿ ಹಾಕಿರುತ್ತಾರೆ. ಅದನ್ನು ವೇಗಮಿತಿ ಅಂದರೆ ಸಾಕು.

ಕ್ರೂಸ್ ಮಾಡುವ ಕೆಲಸ ಇದಲ್ಲ. ಸವಾರ ಒಂದು ವೇಗಕ್ಕೆ ಬಂದು ಗುಂಡಿ ಒತ್ತುತ್ತಾನೆ, ಥ್ರಾಟಲಿನಿಂದ ಬೆರಳು ತೆಗೆಯುತ್ತಾನೆ. ಗಾಡಿ ಅದೇ ಓಟದಲ್ಲಿ ಹೋಗುತ್ತಿರುತ್ತದೆ. ಇನ್ನೊಂದು ವಿಷಯ ನೋಡಿ. ಗೇರ್ ಇರುವ ಹಬ್ ಮೋಟಾರಿನಲ್ಲಿ (ಚಕ್ರದ ನಡುವೆ ಕೂರುವ ಮೋಟಾರು) ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತದೆ. ಇಳಿಜಾರಿನಲ್ಲಿ ಚಕ್ರ ಮೋಟಾರಿಗಿಂತ ಜೋರಾಗಿ ಓಡಿದರೆ ಮೋಟಾರಿಗೆ ಅದನ್ನು ಹಿಂದಕ್ಕೆ ಎಳೆಯಲು ಆಗುವುದಿಲ್ಲ. ಕ್ರೂಸ್ ಹಾಕಿದ್ದರೂ ಸೈಕಲ್ ವೇಗ ಏರಿಸಿಕೊಳ್ಳುತ್ತದೆ. ಬ್ರೇಕ್ ಸವಾರನೇ ಹಿಡಿಯಬೇಕು. ‘ನಿಯಂತ್ರಣ’ ಇದೆ ಅಂತ ನಂಬಿ ಇಳಿಜಾರಿಗೆ ಇಳಿದವನಿಗೆ ಆ ಪದ ಸುಳ್ಳು ಹೇಳಿದಂತಾಗುತ್ತದೆ.

ಹುಟ್ಟಿನಲ್ಲೂ ‘ಕ್ರೂಸ್ ಕಂಟ್ರೋಲ್’ ಎಂಬ ಹೆಸರು ಅಷ್ಟು ಗಟ್ಟಿಯಾದದ್ದೇನಲ್ಲ. ಕ್ರೂಸ್ ಎಂಬುದು ಡಚ್ಚರ ಹಡಗಿನ ಮಾತು, ಕಡಲಲ್ಲಿ ಅತ್ತಿಂದಿತ್ತ ಹಾಯುವುದು ಅಂತ ಅರ್ಥ. ಕಾರಿಗೆ ಈ ಸಾಧನ ಕಟ್ಟಿದವರು ಅಮೆರಿಕದ ರಾಲ್ಫ್ ಟೀಟರ್. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡ ಎಂಜಿನಿಯರ್. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ‘ಆಟೋ ಪೈಲಟ್’ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅದಕ್ಕಿದ್ದ ಇನ್ನೊಂದು ಹೆಸರು ‘ಸ್ಪೀಡೋಸ್ಟ್ಯಾಟ್’. ಥರ್ಮೋಸ್ಟ್ಯಾಟ್‌ನಲ್ಲಿರುವ ಅದೇ ಸ್ಟ್ಯಾಟ್. ಇದ್ದದ್ದನ್ನು ಇದ್ದ ಹಾಗೆ ಇಡುವುದು ಅಂತ. ‘ಕ್ರೂಸ್ ಕಂಟ್ರೋಲ್’ ಕ್ಯಾಡಿಲಾಕ್‌ನವರು ಇಟ್ಟ ಹೆಸರು. ನಾವು ಕನ್ನಡಿಸಬೇಕಾದದ್ದು ಸ್ಪೀಡೋಸ್ಟ್ಯಾಟ್‌ನ ಅರ್ಥವನ್ನು ಅನ್ನಿಸುತ್ತದೆ.

ಈಗ ಗುಂಡಿಯ ಹತ್ತಿರ ಬರೋಣ. ಹ್ಯಾಂಡಲಿನ ಮೇಲೆ, ಹೆಬ್ಬೆರಳಿಗೆ ಸಿಗುವ ಪುಟ್ಟ ಗುಂಡಿ. ಪಕ್ಕದಲ್ಲಿ ಎರಡು ಪದ ಹಿಡಿಸುವಷ್ಟು ಜಾಗ. ‘ವೇಗ ನಿಲ್ಲಿಸು’ ಅನ್ನಬಹುದೇ? ಕಂಬ ನಿಲ್ಲಿಸುವುದೂ ನಿಲ್ಲಿಸುವುದೇ, ಗಾಡಿ ನಿಲ್ಲಿಸುವುದೂ ನಿಲ್ಲಿಸುವುದೇ. ಗಾಬರಿಯಲ್ಲಿ ಗಾಡಿ ನಿಲ್ಲುತ್ತದೆ ಅಂತ ಯಾರಾದರೂ ಅದನ್ನೇ ಒತ್ತಿದರೆ ಕಥೆ ಮುಗಿಯಿತು. ‘ವೇಗ ಹಿಡಿ’ ಅಂದರೆ ಬ್ರೇಕ್ ಹಿಡಿಯುವುದು ನೆನಪಿಗೆ ಬರುತ್ತದೆ. ‘ಸ್ಥಿರ ವೇಗ’ ಅಷ್ಟು ಕೆಟ್ಟದ್ದಲ್ಲ, ಆದರೆ ಸ್ಥಿರ ಅಂದರೆ ಸ್ಥಿರಾಸ್ತಿಯ ಸ್ಥಿರ, ಅಲುಗದ್ದು. ಓಡುವ ಗಾಡಿಗೆ ಅದು ನನಗೆ ಹಿಡಿಸುತ್ತಿಲ್ಲ. ಮೇಲಾಗಿ ಅದು ಪಾಠಪುಸ್ತಕದ ಮಾತು.

ನನ್ನ ಒಲವು ‘ಕಾಯ್ದುಕೊಳ್ಳು’ ಕಡೆಗೆ. ‘ಅಂತರ ಕಾಯ್ದುಕೊಳ್ಳಿ’ ಅಂತ ನಾವೆಲ್ಲ ಓದಿದ್ದೇವೆ. ಆಟದ ಪುಟದಲ್ಲಿ ‘ಮುನ್ನಡೆ ಕಾಯ್ದುಕೊಂಡರು’ ಅಂತ ದಿನಾ ಬರುತ್ತದೆ. ಇರುವುದನ್ನು ಕಡಿಮೆಯಾಗದಂತೆ ನೋಡಿಕೊಳ್ಳುವ ಅರ್ಥ ಅದರಲ್ಲಿ ಚೆನ್ನಾಗಿ ಕೂತಿದೆ. ವಾಕ್ಯದಲ್ಲಿ ‘ಸೈಕಲ್ ವೇಗ ಕಾಯ್ದುಕೊಳ್ಳುತ್ತದೆ’ ಅಂತ ಬರೆದರೆ ಯಾರಿಗೂ ವಿವರಿಸಬೇಕಿಲ್ಲ. ಗುಂಡಿಗೆ ಮಾತ್ರ ಅದು ಉದ್ದವಾಯಿತು. ‘ವೇಗ ಕಾವಲು’ ಅಂದರೆ ಪೊಲೀಸರು ನಿಂತಂತೆ ಕೇಳಿಸುತ್ತದೆ. ಕಾಪಾಡು, ಕಾಪಿಡು ಎಂಬಲ್ಲಿರುವ ‘ಕಾಪು’ ತೆಗೆದುಕೊಂಡು ‘ವೇಗಕಾಪು’ ಅಂದರೆ ಹೇಗೆ? ಸಂಸ್ಕೃತದ ವೇಗಕ್ಕೆ ಕನ್ನಡದ ಕಾಪು ಸೇರಿಸಿದರೆ ಅರಿಸಮಾಸ ಅಂತ ಆಕ್ಷೇಪ ಬರಬಹುದು. ಅದಕ್ಕೆ ನಾನು ಹೆದರುವುದಿಲ್ಲ. ನನಗೆ ಬೇಕಾದ್ದು ಓದಿದ ತಕ್ಷಣ ಅರ್ಥ ಆಗುವುದು, ಅಷ್ಟೇ.

ಆದರೆ ನಿಜವಾದ ಕಷ್ಟ ಒಂದು ಪದದಿಂದ ತೀರುವುದಿಲ್ಲ. ಇ-ಸೈಕಲ್ಲಿನಲ್ಲಿ ಕ್ರೂಸ್ ಅಂತ ಕರೆಯುವ ವಸ್ತುಗಳು ಮೂರು ಬಗೆ.

ಒಂದು, ಥ್ರಾಟಲನ್ನು ತಿರುಗಿಸಿದ ಜಾಗದಲ್ಲೇ ಬಿಗಿದು ನಿಲ್ಲಿಸುವ ಕ್ಲಿಪ್ಪು. ಇದು ಬರೀ ಬಿಗಿತ. ಬ್ರೇಕ್ ಹಿಡಿದಾಗ ಕಟ್‌ಆಫ್ ಸ್ವಿಚ್ ಮೋಟಾರನ್ನು ನಿಲ್ಲಿಸಿದರೂ, ಬ್ರೇಕ್ ಬಿಟ್ಟ ಕೂಡಲೇ ಗಾಡಿ ಮತ್ತೆ ಮುನ್ನುಗ್ಗುತ್ತದೆ. ನಾನು ಕೈಪಿಡಿಯಲ್ಲಿ ಇದನ್ನು ಬೇಡ ಅಂತಲೇ ಬರೆಯುತ್ತಿದ್ದೇನೆ.

ಎರಡನೆಯದು, ಅನೇಕ ಅಗ್ಗದ ಕಂಟ್ರೋಲರುಗಳಲ್ಲಿ ಇರುವುದು. ಅದರಿಂದ ಹೊರಬರುವ ಎರಡು ಸಣ್ಣ ವೈರುಗಳಿಗೆ ಒತ್ತಿ ಬಿಡುವ ಗುಂಡಿ ಸೇರಿಸಿದರೆ ಆಯಿತು. ಕೆಲವದರಲ್ಲಿ ಗುಂಡಿಯೂ ಬೇಕಿಲ್ಲ, ಥ್ರಾಟಲನ್ನು ಕೆಲವು ಸೆಕೆಂಡು ಅಲುಗಿಸದೆ ಹಿಡಿದರೆ ತಾನೇ ಶುರುವಾಗುತ್ತದೆ. ಹಾಲ್ ಸೆನ್ಸರಿನ (ಅಯಸ್ಕಾಂತದ ನೆರವಿನಿಂದ ತಿರುವು ಅಳೆಯುವ) ಥ್ರಾಟಲ್ ಸುಮಾರು 1 ವೋಲ್ಟಿನಿಂದ 4 ವೋಲ್ಟಿನವರೆಗೆ ಸಂಕೇತ ಕಳಿಸುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲಿ ಅದು ಎಷ್ಟಿತ್ತೋ, ಉದಾಹರಣೆಗೆ 2.6 ವೋಲ್ಟ್, ಅದನ್ನೇ ಕಂಟ್ರೋಲರ್ ನೆನಪಿಟ್ಟುಕೊಂಡು ನಡೆಯುತ್ತದೆ. ವೇಗ ಎಷ್ಟು ಅಂತ ಅದು ನೋಡುವುದೇ ಇಲ್ಲ. ಏರು ಬಂದರೆ ಸೈಕಲ್ ನಿಧಾನ ಆಗುತ್ತದೆ.

ಮೂರನೆಯದು ಮಾತ್ರ ನಿಜವಾಗಿ ವೇಗ ಕಾಯುವಂಥದ್ದು. ಚಕ್ರದ ಕಡ್ಡಿಗೆ ಕಟ್ಟಿದ ಅಯಸ್ಕಾಂತದಿಂದಲೋ ಮೋಟಾರಿನೊಳಗಿನ ಸೆನ್ಸರಿನಿಂದಲೋ ವೇಗ ಅಳೆದು, ಏರಿನಲ್ಲಿ ಕರೆಂಟ್ ಹೆಚ್ಚಿಸಿ, ಸಮತಟ್ಟಿನಲ್ಲಿ ಇಳಿಸುತ್ತದೆ.

ಮೂರಕ್ಕೂ ‘ವೇಗ ನಿಯಂತ್ರಣ’ ಅಂತ ಬರೆದರೆ ಕೊಳ್ಳುವವರು ಮೂರನೆಯದೆಂದುಕೊಂಡು ಎರಡನೆಯದನ್ನು ತರುತ್ತಾರೆ. ಅದಕ್ಕೇ ನಾನು ಕ್ರಮವಾಗಿ ಥ್ರಾಟಲ್ ಬಿಗಿ, ಥ್ರಾಟಲ್ ಕಾಪು, ವೇಗಕಾಪು ಅಂತ ಇಟ್ಟುಕೊಂಡಿದ್ದೇನೆ. ಏನನ್ನು ಕಾಯುತ್ತದೋ ಅದು ಹೆಸರಿನಲ್ಲೇ ಬರಲಿ ಅಂತ.

ಇನ್ನು ಬ್ರೇಕ್ ಮುಟ್ಟಿದಾಗ ಕ್ರೂಸ್ ಪೂರ್ತಿ ಕೊನೆಯಾಗುವುದಕ್ಕೆ ಏನನ್ನಬೇಕು? ಕಟ್‌ಆಫ್ ಇಲ್ಲದ ಬ್ರೇಕ್ ಲಿವರಿದ್ದರೆ ಕ್ರೂಸ್ ಜೋಡಿಸಲೇಬಾರದು, ಹಾಗಾಗಿ ಈ ವಾಕ್ಯ ಕೈಪಿಡಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ‘ಕಳಚುತ್ತದೆ’ ಅಂದರೆ ಸೈಕಲ್ಲಿನಲ್ಲಿ ಚೈನ್ ಕಳಚಿದಂತೆ. ‘ಬಿಡುತ್ತದೆ’ ಅಂದರೆ ಏನನ್ನು ಬಿಡುತ್ತದೆ ಅನ್ನುವ ಪ್ರಶ್ನೆ. ಸದ್ಯಕ್ಕೆ ‘ರದ್ದಾಗುತ್ತದೆ’ ಅಂತ ಬರೆದಿದ್ದೇನೆ. ಕಚೇರಿಯ ವಾಸನೆ ಇದೆ, ಆದರೆ ಅನುಮಾನಕ್ಕೆ ಜಾಗವಿಲ್ಲ.

ನನಗೆ ನಿಮ್ಮಿಂದ ಬೇಕಾದ್ದು ಎರಡು. ‘ಕಾಪು’ ಈ ಅರ್ಥದಲ್ಲಿ ನಿಮ್ಮ ಕಿವಿಗೆ ಸಹಜವಾಗಿ ಕೇಳುತ್ತದೆಯೇ, ಇಲ್ಲ ಹಳೆಯದಾಯಿತೇ? ‘ರದ್ದಾಗು’ ಬದಲಿಗೆ ಮೆಕ್ಯಾನಿಕ್‌ಗಳೋ ಚಾಲಕರೋ ಆಡುವ ಚಿಕ್ಕ ಮಾತು ಏನಾದರೂ ಇದ್ದರೆ, ಅದನ್ನು ಬಳಸುವ ಪೂರ್ತಿ ವಾಕ್ಯದ ಜೊತೆಗೇ ಬರೆದು ಕಳಿಸಿ.