ಅಪ್‌ಡೇಟ್: ಓಲಂಡ್‌ನ ಹೆಂಬಿಗ್ಡ್ಸ್‌ರೆಟ್ (ಜಾಗ ಕೊಳ್ಳಲು, ಓಟು ಹಾಕಲು ಬೇಕಾದ ಸ್ಥಳೀಯ ನಿವಾಸಿ ಹಕ್ಕು) ಸಿಕ್ಕಿತು

ಫಿನ್‌ಲೆಂಡ್ ಪೌರತ್ವ ಇದ್ದರೆ ಅದರದೇ ಸ್ವಾಯತ್ತ ಪ್ರಾಂತ್ಯವಾದ ಓಲಂಡ್ ದ್ವೀಪಗಳಲ್ಲಿ ಮನೆ ಕಟ್ಟೋಕೆ ಜಾಗ ಕೊಳ್ಳಬಹುದಾ ಅಂತ ಕೇಳಿದ್ದೆ, ನೆನಪಿದೆಯಾ? ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಹೆಲ್ಸಿಂಕಿಯಲ್ಲಿದ್ದ ವರ್ಷಗಳನ್ನೂ ವಾಸದ ಲೆಕ್ಕಕ್ಕೆ ಸೇರಿಸಿ ಅಂತ ಕೆಲವರು ಅಂದಿದ್ರಲ್ಲ, ಅದು ನಡೆಯಲಿಲ್ಲ. ಓಲಂಡ್‌ನಲ್ಲೇ ಸತತ 5 ವರ್ಷ ವಾಸ ಬೇಕು. ಪೌರತ್ವಕ್ಕೆ ಕೊಟ್ಟಿದ್ದ ಫಿನ್ನಿಶ್ ಭಾಷೆಯ ಸರ್ಟಿಫಿಕೇಟ್ ಕೂಡ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಇಲ್ಲಿನ ಭಾಷೆ ಸ್ವೀಡಿಷ್. "5 ವರ್ಷ ಆಗಿದೆಯಲ್ಲ, ಸ್ವೀಡಿಷ್ ಕೋರ್ಸಿನ ಸರ್ಟಿಫಿಕೇಟ್ ಲಗತ್ತಿಸಿ ಪ್ರಾಂತ್ಯ ಸರ್ಕಾರಕ್ಕೇ ಅರ್ಜಿ ಹಾಕಿ" ಅಂದವರ ಸಲಹೆಯೇ ಫಲ ಕೊಟ್ಟಿತು. ಅವರಿಗೆ ವಿಶೇಷ ಥ್ಯಾಂಕ್ಸ್.

ಈ ಹಕ್ಕು ಇಲ್ಲದವರು ಜಾಗ ಕೊಳ್ಳಲು ಪ್ರತ್ಯೇಕ ಅನುಮತಿ ಕೇಳಬೇಕು. ನನಗೆ ಇನ್ನು ಆ ತಾಪತ್ರಯ ಇಲ್ಲ.

ಗೊತ್ತಿಲ್ಲದ ವಿಷಯವೂ ತಿಳಿಯಿತು. 12 ವರ್ಷ ತುಂಬುವ ಮೊದಲೇ ಇಲ್ಲಿಗೆ ಬಂದು ನೆಲೆಸಿ ಈ ಹಕ್ಕು ಪಡೆದ ಹುಡುಗರಿಗೆ ಫಿನ್‌ಲೆಂಡ್‌ನ ಕಡ್ಡಾಯ ಸೇನಾ ಸೇವೆ ಇಲ್ಲ. ಮಗ ಇರುವವರಿಗೆ ಇದು ಸಣ್ಣ ಮಾತಲ್ಲ, ಅಲ್ವಾ? ಆದರೆ ಓಲಂಡ್ ಬಿಟ್ಟು 5 ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಹಕ್ಕು ಹೋಗುತ್ತದೆ.

ಭಾರತದಿಂದ ಬಂದವರು ಒಂದು ಗಮನಿಸಿ. ಇದಕ್ಕೆ ಫಿನ್‌ಲೆಂಡ್ ಪೌರತ್ವ ಕಡ್ಡಾಯ, ಅದು ಸಿಕ್ಕ ಮೇಲೆ ಭಾರತದ ಪೌರತ್ವ ಉಳಿಯುವುದಿಲ್ಲ. ಮನೆಯಲ್ಲಿ ಕೂತು ಮಾತಾಡಿಯೇ ಹೆಜ್ಜೆ ಇಡಿ.

2027ರಲ್ಲಿ ಇಲ್ಲಿನ 30 ಸದಸ್ಯರ ಲಾಗ್‌ಟಿಂಗ್‌ಗೆ (ಓಲಂಡ್‌ನ ಶಾಸನಸಭೆಗೆ) ಚುನಾವಣೆ. ನಾನೂ ಓಟು ಹಾಕುತ್ತೇನೆ!