ರೈತರ ಸ್ಥಿತಿಗತಿಗೂ ಮಣ್ಣು ಕೆಡುವುದಕ್ಕೂ ನಂಟು: ಸಮೀಕ್ಷೆಯಲ್ಲಿ ಏನು ಕೇಳಬೇಕು?

ಪ್ರಶ್ನೆ: ನೂರೈವತ್ತು ರೈತ ಕುಟುಂಬಗಳ ಸಮೀಕ್ಷೆ ಮಾಡಬೇಕಿದೆ. ಓದು, ಆದಾಯ, ಹಿಡುವಳಿ, ಸಾಲ ಇವಕ್ಕೂ ಮಣ್ಣು ಕೆಡುವುದಕ್ಕೂ ಏನು ಸಂಬಂಧ ಅಂತ ನೋಡಬೇಕು. ಪ್ರಶ್ನಾವಳಿಯಲ್ಲಿ ಏನಿರಲಿ, ಮಣ್ಣನ್ನು ಹೇಗೆ ಅಳೆಯಲಿ? ಮಾಡಿ ಗೊತ್ತಿರುವವರು ತಿಳಿಸಿ.

ಉತ್ತರ 1: "ಎಷ್ಟು ಓದಿದ್ದೀರಿ" ಆಮೇಲೆ. ಮೊದಲು "ಈ ಹೊಲ ಯಾರದ್ದು, ಇನ್ನೆಷ್ಟು ವರ್ಷ ನಿಮ್ಮ ಕೈಲಿರುತ್ತೆ" ಅಂತ ಕೇಳಿ. ಅದನ್ನೂ ಹೊಲ ಹೊಲಕ್ಕೆ ಬೇರೆಯಾಗಿ ಬರೆದುಕೊಳ್ಳಿ. ಮನೆಗೊಂದೇ ಉತ್ತರ ಹಾಕಿಕೊಂಡರೆ ಕೆಲಸ ಕೆಟ್ಟ ಹಾಗೆ. ಬಾಯಿಮಾತಿನ ಒಂದು ವರ್ಷದ ಗುತ್ತಿಗೆಯವನಿಗೆ ಯೂರಿಯಾ ಅದೇ ಬೆಳೆಯಲ್ಲಿ ಫಲ ಕೊಡುತ್ತೆ. ಕೊಟ್ಟಿಗೆ ಗೊಬ್ಬರದ ಸಾರ ಒಂದೇ ವರ್ಷಕ್ಕೆ ಪೂರ್ತಿ ಸಿಗಲ್ಲ, ಹುಳಿ ಮಣ್ಣಿಗೆ ಹಾಕಿದ ಸುಣ್ಣದ ಫಲ ಹಲವು ವರ್ಷಕ್ಕೆ ಹಂಚಿಕೊಂಡಿರುತ್ತೆ, ಬದು ಇನ್ನೂ ನಿಧಾನ. ಬಿಟ್ಟುಹೋಗುವ ಹೊಲಕ್ಕೆ ಇವನ್ನು ಯಾರು ಹಾಕಿಯಾರು? ಇದನ್ನು ಅಜ್ಞಾನ ಅಂತ ಬರೆಯಬೇಡಿ, ಅವನ ಲೆಕ್ಕ ಸರಿಯಾಗೇ ಇದೆ.

ಒಬ್ಬನೇ ರೈತ ಸ್ವಂತದ್ದೂ ಗುತ್ತಿಗೆಯದ್ದೂ ಉಳುತ್ತಿದ್ದರೆ ಎರಡೂ ಹೊಲದ ಮಣ್ಣು ತೆಗೆಯಿರಿ. ಓದು, ಆದಾಯ ಒಂದೇ ಆದ್ದರಿಂದ ಹಕ್ಕಿನ ಪರಿಣಾಮ ಬೇರೆಯಾಗಿ ಕಾಣುತ್ತೆ.

ಉತ್ತರ 2: ಮೇಲಿನದ್ದಕ್ಕೆ ಒಂದು ತೊಡಕಿದೆ ಸರ್. ಗುತ್ತಿಗೆಗೆ ಬಿಡುವುದು ಬಹಳ ಸಲ ಮೊದಲೇ ಸವೆದ, ದೂರದ ಹೊಲವನ್ನೇ. ಇಳಿಜಾರು, ಮಣ್ಣಿನ ಬಗೆ, ಮನೆಯಿಂದ ದೂರ ಈ ಮೂರನ್ನೂ ದಾಖಲಿಸದಿದ್ದರೆ ಗುತ್ತಿಗೆಯೇ ಕೆಡಿಸಿತು ಅಂತ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಗೊಬ್ಬರ ಹೊರುವ ಕಷ್ಟಕ್ಕೆ ಸ್ವಂತದ್ದಾದರೂ ದೂರದ ಹೊಲ ಬಡವಾಗೇ ಇರುತ್ತೆ.

ಮಣ್ಣಿನ ಮಾದರಿಗೆ: ಹೊಲದಲ್ಲಿ ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ, 15 ಸೆಂ.ಮೀ. ಆಳದವರೆಗೆ ಸಮನಾಗಿ ಕೆರೆದು ತೆಗೆಯಿರಿ. ಬದು, ಮರದ ಬುಡ, ತಿಪ್ಪೆ ಇದ್ದ ಜಾಗ ಬೇಡ. ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಬಿಸಾಡುತ್ತಾ ಅರ್ಧ ಕೆ.ಜಿ.ಗೆ ಇಳಿಸಿ ನೆರಳಲ್ಲಿ ಒಣಗಿಸಿ. ರಸಗೊಬ್ಬರದ ಚೀಲದಲ್ಲಿ ತುಂಬಿದರೆ ಫಲಿತಾಂಶ ಹಾಳು. ಸಾವಯವ ಇಂಗಾಲ (ಕೊಳೆತ ಗಿಡ, ಗೊಬ್ಬರದಿಂದ ಮಣ್ಣಿಗೆ ಸೇರುವ ಇಂಗಾಲ) 0.5%ಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕಡಿಮೆ ಅಂತ ಲೆಕ್ಕ.

ಉತ್ತರ 3: ಹೊಲದ ಆಕಾರ ಬರೆದುಕೊಳ್ಳುವವರೇ ಇಲ್ಲ! ಅಣ್ಣತಮ್ಮಂದಿರ ಪಾಲಾದ ಮೇಲೆ ಎಷ್ಟೋ ಹೊಲ ಇಳಿಜಾರಿನುದ್ದಕ್ಕೆ ಸಪೂರ ಪಟ್ಟಿಗಳಾಗುತ್ತವೆ. ಅಡ್ಡ ಉಳಬೇಕು ಅಂತ ಅವರಿಗೂ ಗೊತ್ತು. ಆದರೆ ಸಪೂರ ಪಟ್ಟಿಯಲ್ಲಿ ಹೆಜ್ಜೆಹೆಜ್ಜೆಗೂ ನೇಗಿಲು ತಿರುಗಿಸಬೇಕು, ಹಾಗಾಗಿ ಮೇಲಿಂದ ಕೆಳಕ್ಕೆ ಉಳುತ್ತಾರೆ. ಸಾಲುಗಳೇ ನೀರಿನ ಕಾಲುವೆ. ಸಮಪಾತಳಿ ಬದು (ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಬದು) ಹಾಕಲು ಪಕ್ಕದವರೆಲ್ಲ ಒಪ್ಪಬೇಕು, ಒಬ್ಬ ತಪ್ಪಿದರೂ ನೀರು ಅಲ್ಲೇ ನುಗ್ಗುತ್ತೆ.

ದುಡಿಯುವವರು ವಲಸೆ ಹೋಗಿದ್ದಾರಾ, ಒಡೆದ ಬದು ಎಷ್ಟು ದಿನಕ್ಕೆ ದುರಸ್ತಿಯಾಯಿತು, ಸಗಣಿ ಒಲೆಗೋ ಹೊಲಕ್ಕೋ ಅಂತಲೂ ಕೇಳಿ. ಸುಟ್ಟ ಸಗಣಿಯ ಸಾರಜನಕವನ್ನು ಯೂರಿಯಾದಿಂದ ತುಂಬಿಸಬಹುದು, ಇಂಗಾಲವನ್ನು ತುಂಬಿಸಲಾಗದು.

ಉತ್ತರ 4: "ಸಾಲ ಇದೆಯಾ" ಅಂದರೆ ಹೌದು ಅನ್ನುತ್ತಾರೆ, ಅಷ್ಟೇ. ಯಾರ ಸಾಲ, ಯಾವ ತಿಂಗಳು ತೀರಿಸಬೇಕು, ಗೊಬ್ಬರ ಕಡ ತಂದಿದ್ದಾ ಅಂತ ಕೇಳಿ. ಕಡ ಕೊಡುವವನ ಬಳಿ ಇರುವ ಗೊಬ್ಬರವೇ ಮಣ್ಣಿಗೆ ಬೀಳುತ್ತೆ, ಮಣ್ಣು ಪರೀಕ್ಷೆಯ ಚೀಟಿ ಏನೇ ಹೇಳಲಿ. ಕಂತಿನ ಹೊತ್ತಿಗೆ ಹಣ ತರುವ ಬೆಳೆಯೇ ಪ್ರತಿವರ್ಷ ಮರುಕಳಿಸುತ್ತೆ.

ಇನ್ನೊಂದು, ಹೊಲಕ್ಕೆ ಹೋಗುವುದು ದೊಡ್ಡ ಮಳೆಯಾದ ಕೂಡಲೇ. ಮತ್ತೆ ಉಳುಮೆ ಮಾಡಿದರೆ ನೀರು ಕೊರೆದ ಕೊರಕಲು ಮುಚ್ಚಿಹೋಗುತ್ತೆ. ಕೊರಕಲಿನ ಉದ್ದ, ಅಗಲ, ಆಳ ಅಳೆದು ಗುಣಿಸಿ. 10 ಮೀ. ಉದ್ದ, 20 ಸೆಂ.ಮೀ. ಅಗಲ, 10 ಸೆಂ.ಮೀ. ಆಳವಿದ್ದರೆ 0.2 ಘನ ಮೀಟರ್, ಅಂದರೆ ಸುಮಾರು ಕಾಲು ಟನ್ ಮಣ್ಣು. ತಳ ಚೂಪಾಗಿದ್ದರೆ ಅದರರ್ಧ.